ಮಳೆ ಅಳೆಯುವವರಿಗೂ ಒಂದು ಸಂಘ ಬೇಕಾ?

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವಳು. ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಿದ್ದೇನೆ. ಒಂದು ಸಂಶೋಧನಾ ಟ್ರಸ್ಟಿನ ಪ್ರಾಜೆಕ್ಟಿಗೆ ಸೇರಿ ಮೂರು ವರ್ಷ ದಾಟಿತು. ತೋಟ, ಕಾಡು, ಹೊಳೆ ಹತ್ತಿರ ಇಟ್ಟಿರುವ ಮಳೆ ಮಾಪಕ ನೋಡಿಕೊಳ್ಳುವುದು, ಹೊಳೆ ನೀರಿನ ಮಟ್ಟ ಬರೆದಿಡುವುದು, ಬರೆ (ಗುಡ್ಡದ ಇಳಿಜಾರು) ಕುಸಿದ ಜಾಗಗಳನ್ನು ಮ್ಯಾಪ್ ಮಾಡುವುದು ನನ್ನ ಕೆಲಸ. 11 ತಿಂಗಳ ಕಾಂಟ್ರಾಕ್ಟ್, ಮೂರು ಸಲ ಮುಂದುವರಿಸಿದ್ದಾರೆ. ಅದರಲ್ಲಿ ನನ್ನನ್ನು ‘ಕನ್ಸಲ್ಟೆಂಟ್’ ಅಂತ ಬರೆದಿದ್ದಾರೆ. ಕಳೆದ ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಜಾರಿ ಬಿದ್ದು ಕೈ ಮುರಿಯಿತು. ಖರ್ಚೆಲ್ಲ ನನ್ನದೇ. ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್‌ಗೆ ಸೇರು, ಅವರು ನಿನ್ನ ಪರ ನಿಲ್ಲುತ್ತಾರೆ ಅಂತ ಗೆಳತಿ ಹೇಳುತ್ತಾಳೆ. ನಿಜವಾ? ನಮ್ಮಂಥವರಿಗೆ ಯೂನಿಯನ್ ಅಂತ ಇದೆಯಾ? ಸೇರಿದರೆ ಕೆಲಸ ಹೋಗುತ್ತದಾ?

ಉತ್ತರ: ನಿಮ್ಮ ಕೈ ಈಗ ಹೇಗಿದೆ? ಅದನ್ನು ನೀವು ಎರಡು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎರಡು ಸಾಲು. ಕೊನೆಯಲ್ಲಿ ಅದಕ್ಕೆ ವಾಪಸ್ ಬರುತ್ತೇನೆ.

ಮೊದಲು ಗೆಳತಿಯ ಮಾತು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಹೆಸರಲ್ಲಿ ‘ಯೂನಿಯನ್’ ಇದ್ದ ಮಾತ್ರಕ್ಕೆ ಅದು ಕಾರ್ಮಿಕ ಸಂಘ ಆಗುವುದಿಲ್ಲ. ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ 1919ರಲ್ಲಿ ಹುಟ್ಟಿದ ವಿಜ್ಞಾನಿಗಳ ಕೂಟ. ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ 2002ರದು. ಎರಡೂ ವಿಜ್ಞಾನ ಪತ್ರಿಕೆಗಳನ್ನು ಹೊರತರುತ್ತವೆ, ವರ್ಷಕ್ಕೊಂದು ದೊಡ್ಡ ಸಮ್ಮೇಳನ ಮಾಡುತ್ತವೆ. ಯೂನಿಯನ್ ಆಫ್ ಕನ್ಸರ್ನ್ಡ್ ಸೈಂಟಿಸ್ಟ್ಸ್ ಅಂತ ಇನ್ನೊಂದಿದೆ. ಅದು 1969ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು. ಸರ್ಕಾರದ ನೀತಿಗಳ ಬಗ್ಗೆ ದನಿ ಎತ್ತುವುದು ಅದರ ಕೆಲಸ. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ‘ಯು’ ಕೂಡ ಯೂನಿಯನ್ನೇ. ಅದರ ಸದಸ್ಯರು ಸರ್ಕಾರಗಳು ಮತ್ತು ಸಂಸ್ಥೆಗಳು. ಇವರಲ್ಲಿ ಯಾರೂ ನಿಮ್ಮ ಸಂಬಳದ ಮಾತಾಡಲು ನಿಮ್ಮ ಟ್ರಸ್ಟಿನವರ ಎದುರು ಬಂದು ಕೂರುವುದಿಲ್ಲ.

ಕೊಡಗಿನವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಇಲ್ಲಿ ಬೆಳೆಗಾರರ ಸಂಘಗಳಿವೆ. ದಕ್ಷಿಣ ಭಾರತದ ತೋಟಗಾರರ ಒಕ್ಕೂಟ ಉಪಾಸಿ 1893ರಷ್ಟು ಹಳೆಯದು. ಕಾಫಿ ರೇಟು, ಆನೆ ಕಾಟ, ತೆರಿಗೆ ಇವೆಲ್ಲ ಬೆಳೆಗಾರರ ಸಂಘದಲ್ಲಿ ಮಾತಿಗೆ ಬರುತ್ತವೆ. ತೋಟದ ಕೆಲಸಗಾರರ ಯೂನಿಯನ್‌ನಲ್ಲಿ ದಿನಗೂಲಿ, ಬೋನಸ್, ಲೈನ್ ಮನೆಯ ಸೋರುವ ಮಾಡು. ಎರಡನ್ನೂ ಯಾರೂ ಒಂದೇ ಅಂದುಕೊಳ್ಳುವುದಿಲ್ಲ, ಅಲ್ವಾ? ಪರಿಸರ ಮತ್ತು ಹವಾಮಾನ ವಿಜ್ಞಾನದಲ್ಲೂ ಹಾಗೆಯೇ. ನಮ್ಮಲ್ಲಿ ಮೊದಲನೇ ತರಹದ್ದು ಬೇಕಾದಷ್ಟಿದೆ. ಎರಡನೇ ತರಹದ್ದು ಭಾರತದಲ್ಲಿ ತೀರಾ ಕಮ್ಮಿ. ನಿಮ್ಮಂಥ ಗುತ್ತಿಗೆಯವರಿಗಂತೂ ಇಲ್ಲವೇ ಇಲ್ಲ ಅನ್ನುವಷ್ಟು.

ಹಾಗಂತ ಮೊದಲನೆಯದು ಬೇಡ ಅನ್ನುವವನಲ್ಲ ನಾನು. ಮಳೆ, ಹೊಳೆ ಅಳೆಯುವ ಕೆಲಸದಲ್ಲೇ ನನ್ನ ಬಹುಪಾಲು ಆಯುಷ್ಯ ಕಳೆದಿದೆ. ಅಂಥ ಸೊಸೈಟಿಗಳಿಂದ ನನಗೆ ಸಿಕ್ಕಿದ್ದು ದೊಡ್ಡದು. ಇಲ್ಲಿ ಕೂತು ಒಬ್ಬರೇ ಡೇಟಾ ನೋಡುವಾಗ ನಾವು ಮಾಡುತ್ತಿರುವುದು ಸರಿಯಾ ತಪ್ಪಾ ಅಂತ ಹೇಳುವವರೇ ಇರುವುದಿಲ್ಲ. ಇಂಡಿಯನ್ ಮೀಟಿಯರಾಲಾಜಿಕಲ್ ಸೊಸೈಟಿಗೆ ಬೆಂಗಳೂರಿನಲ್ಲಿ ಶಾಖೆ ಇದೆ. ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 1958ರಿಂದ ಬೆಂಗಳೂರಿನಲ್ಲೇ ಇದೆ. ಬರೆ ಕುಸಿತದ ಕೆಲಸ ಮಾಡುವವರಿಗೆ ಅದು ಹತ್ತಿರದ ಮನೆ. ಕಾಫಿ, ಏಲಕ್ಕಿ, ಮೆಣಸು ಮತ್ತು ಹವಾಮಾನದ ನಂಟು ನೋಡುವವರಾದರೆ ಕಾಸರಗೋಡಿನಲ್ಲಿರುವ ಪ್ಲಾಂಟೇಶನ್ ಬೆಳೆಗಳ ಸೊಸೈಟಿಯೂ ಆಗುತ್ತದೆ. ಕಾಡಿನ ಕಡೆಗೆ ಒಲವಿದ್ದರೆ ಬೆಂಗಳೂರಿನಲ್ಲಿ 2010ರಿಂದ ನಡೆಯುತ್ತಿರುವ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನಕ್ಕೆ ಒಮ್ಮೆ ಹೋಗಿ ಬನ್ನಿ. ನಿಮ್ಮ ವಯಸ್ಸಿನವರೇ ತುಂಬಿರುತ್ತಾರೆ. ಹಣ ಕಮ್ಮಿ ಇರುವಾಗ ಒಂದು ಭಾರತದ ಸೊಸೈಟಿ ಸಾಕು. ವಿದೇಶದ್ದು ಬೇಕೇ ಬೇಕು ಅನಿಸಿದರೆ ಒಂದು. ಅವರಲ್ಲಿ ಹಲವರು ವಿದ್ಯಾರ್ಥಿಗಳಿಗೆ, ಬಡ ದೇಶಗಳವರಿಗೆ ಕಡಿಮೆ ಶುಲ್ಕ ಇಟ್ಟಿರುತ್ತಾರೆ. ಪೂರ್ತಿ ಶುಲ್ಕ ಕಟ್ಟುವ ಮೊದಲು ಕೇಳಿ ನೋಡಿ.

ಸೊಸೈಟಿಗಳು ವಿಜ್ಞಾನಿಯ ಮಾತಿನ ಬೆನ್ನಿಗೆ ನಿಂತ ಉದಾಹರಣೆಗಳೂ ಇವೆ. ಒಂದನ್ನು ಹೇಳಲೇಬೇಕು, ಯಾಕೆಂದರೆ ಅದು ಕೊಡಗಿಗೆ ತುಂಬ ಹತ್ತಿರದ್ದು. 2009ರ ಏಪ್ರಿಲ್‌ನಲ್ಲಿ ಇಟಲಿಯ ಲಾಕ್ವಿಲಾ ಊರಿನಲ್ಲಿ ಭೂಕಂಪ ಆಯಿತು. 300ಕ್ಕೂ ಜಾಸ್ತಿ ಜನ ಸತ್ತರು. ಅದಕ್ಕೆ ಕೆಲವು ದಿನ ಮೊದಲು ಸಭೆ ಸೇರಿದ್ದ ಆರು ವಿಜ್ಞಾನಿಗಳು ಮತ್ತು ಒಬ್ಬ ಅಧಿಕಾರಿಯ ಮೇಲೆ ಕೇಸು ಬಿತ್ತು. ಜನರಿಗೆ ಅಪಾಯದ ಬಗ್ಗೆ ಸರಿಯಾಗಿ ಹೇಳಲಿಲ್ಲ ಅನ್ನುವುದು ಆರೋಪ. 2012ರಲ್ಲಿ ಕೋರ್ಟು ಏಳೂ ಜನರಿಗೆ ಆರು ವರ್ಷ ಜೈಲು ಅಂತ ತೀರ್ಪು ಕೊಟ್ಟಿತು. 2014ರಲ್ಲಿ ಮೇಲಿನ ಕೋರ್ಟು ಆರು ವಿಜ್ಞಾನಿಗಳನ್ನೂ ಬಿಡುಗಡೆ ಮಾಡಿತು. ಈ ನಡುವೆ ಜಗತ್ತಿನ ಬೇರೆ ಬೇರೆ ವಿಜ್ಞಾನ ಸಂಘಗಳು ಬಹಿರಂಗವಾಗಿ ಅವರ ಪರ ಮಾತಾಡಿದವು. ಭೂಕಂಪವನ್ನು ದಿನ, ಗಂಟೆ ಹೇಳಿ ಮುನ್ಸೂಚಿಸಲು ಆಗುವುದಿಲ್ಲ ಅನ್ನುವ ವಿಜ್ಞಾನದ ಮಾತನ್ನು ಒಬ್ಬ ಆರೋಪಿ ಹೇಳಿದರೆ ನೆಪ ಅನಿಸುತ್ತದೆ. ಸಾವಿರಾರು ಭೂವಿಜ್ಞಾನಿಗಳ ಸಂಘ ಹೇಳಿದರೆ ಅದರ ತೂಕ ಬೇರೆ.

ಈಗ ನಮ್ಮ 2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಯಲ್ಲಿ ಬರೆ ಕುಸಿಯಿತು. ಮರುವರ್ಷ ತೋರದಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಜಾರಿತು. ಪ್ರತಿ ಮಳೆಗಾಲ ಮುಗಿಯುವ ಹೊತ್ತಿಗೆ ಊರಿನವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಈ ಬರೆ ಇನ್ನೂ ಬೀಳುತ್ತದಾ, ನಾವು ಮನೆಗೆ ವಾಪಸ್ ಹೋಗಬಹುದಾ? ಬೀಳುವುದಿಲ್ಲ ಅಂದರೆ ಒಂದು ಕಷ್ಟ, ಬೀಳುತ್ತದೆ ಅಂದರೆ ಇನ್ನೊಂದು. ಹೋಂಸ್ಟೇಯವರಿಗೆ ಬೇಜಾರು, ರಸ್ತೆ ಕಂಟ್ರಾಕ್ಟರ್‌ಗೆ ಸಿಟ್ಟು, ಜಾಗ ಮಾರಲು ಹೊರಟವರಿಗೆ ನಷ್ಟ. ಇಂಥ ಜಾಗದಲ್ಲಿ 11 ತಿಂಗಳ ಕಾಗದ ಹಿಡಿದು ನಿಂತಿರುವ ಹುಡುಗಿಯೊಬ್ಬಳು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವಳ ಹಿಂದೆ ಯಾರಿದ್ದಾರೆ? ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ. ಕೆಲಸ ಹೋಗುವ ಭಯ ಇರುವವರ ಕೈಯಿಂದ ಬಂದ ಮ್ಯಾಪನ್ನು ನಂಬಿ ಊರಿನವರು ಮಲಗಬೇಕಾಗುತ್ತದೆ. ನಿಮ್ಮ ಕೆಲಸಕ್ಕೆ ಭದ್ರತೆ ಬೇಕು ಅನ್ನುವುದು ಬರೀ ನಿಮ್ಮ ಹೊಟ್ಟೆಪಾಡಿನ ಮಾತಾಗಿ ಉಳಿಯುವುದಿಲ್ಲ.

ಸೊಸೈಟಿಗಳ ಮಿತಿ ಎಲ್ಲಿದೆ ಅಂತಲೂ ನೋಡಿ. 2018ರಿಂದ ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳು ಶುರುವಾದವು. ಒಟ್ಟು 199. ಬ್ಲಾಕ್ ಮಟ್ಟದಲ್ಲಿ ರೈತರಿಗೆ ಯಾವಾಗ ಬಿತ್ತಬೇಕು, ಯಾವಾಗ ಔಷಧಿ ಹೊಡೆಯಬೇಕು ಅಂತ ಸಲಹೆ ಕೊಡುತ್ತಿದ್ದವು. ಅಲ್ಲಿದ್ದವರು ಗುತ್ತಿಗೆಯ ಹವಾಮಾನ ತಜ್ಞರು, ವೀಕ್ಷಕರು. 2024ರ ಆರಂಭದಲ್ಲಿ ಆ ಘಟಕಗಳನ್ನು ನಿಲ್ಲಿಸಿದರು. ಕಲಿತ ಹುಡುಗರು, ಹುಡುಗಿಯರು ಒಂದು ಆದೇಶಕ್ಕೆ ಮನೆಗೆ ಹೋದರು. ಗಿಡ ಹೂ ಬಿಡಲು ಬೇಕಾದ ಹೂಮಳೆ ಬರುತ್ತದಾ ಇಲ್ಲವಾ, ಪಂಪ್ ಹಚ್ಚಬೇಕಾ ಬೇಡವಾ ಅಂತ ಮಾರ್ಚಿಯಲ್ಲಿ ಆಕಾಶ ನೋಡಿ ಕೂರುವ ರೊಬಸ್ಟಾ ಕಾಫಿ ಬೆಳೆಗಾರರಿಗೆ ಇಂಥ ಸಲಹೆಯ ಬೆಲೆ ಗೊತ್ತು. ಇಂಥ ಹೊತ್ತಿನಲ್ಲಿ ವಿದ್ವಾಂಸರ ಸೊಸೈಟಿ ಮನವಿ ಬರೆಯಬಹುದು, ಅಷ್ಟೇ. ಎದುರು ಕೂತು ಮಾತಾಡುವ ಕಾನೂನಿನ ಹಕ್ಕು ಅದಕ್ಕಿಲ್ಲ.

ಆ ಹಕ್ಕು ಇರುವುದು ಯೂನಿಯನ್‌ಗೆ. ಹೊರದೇಶಗಳಲ್ಲಿ ವಿಜ್ಞಾನಿಗಳು ಅದನ್ನು ಬಳಸಿದ್ದಾರೆ. ಬ್ರಿಟನ್ನಿನ ಹವಾಮಾನ ಕಚೇರಿಯ ಸಿಬ್ಬಂದಿಗೆ ಪ್ರಾಸ್ಪೆಕ್ಟ್ ಅನ್ನುವ ಯೂನಿಯನ್ ಇದೆ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ 2016ರಲ್ಲಿ ಸುಮಾರು 350 ಹುದ್ದೆ ಕಡಿಯುತ್ತೇವೆ ಅಂದಿತು. ಅದರಲ್ಲಿ ದೊಡ್ಡ ಪೆಟ್ಟು ಹವಾಮಾನ ವಿಜ್ಞಾನಕ್ಕೆ. ಸಿಬ್ಬಂದಿ ಸಂಘ, ಹೊರಗಿನ ವಿಜ್ಞಾನಿಗಳು ಎಲ್ಲ ಸೇರಿ ಗಲಾಟೆ ಮಾಡಿದ ಮೇಲೆ ಹೋಬಾರ್ಟ್‌ನಲ್ಲಿ 40 ವಿಜ್ಞಾನಿಗಳ ಹವಾಮಾನ ಕೇಂದ್ರ ಉಳಿಯಿತು. ಪೂರ್ತಿ ಗೆಲುವಲ್ಲ. ಆದರೆ ಆ 40 ಕೆಲಸ ಸುಮ್ನೆ ಉಳಿಯಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೆನಡಾದ ಕತೆ. ಅಲ್ಲಿ ಕೇಂದ್ರ ಸರ್ಕಾರದ ವಿಜ್ಞಾನಿಗಳಿಗೆ 1920ರಲ್ಲಿ ಶುರುವಾದ ಒಂದು ನೌಕರರ ಯೂನಿಯನ್ ಇದೆ. ಹದಿನೈದು ವರ್ಷದ ಹಿಂದಿನ ಮಾತು, ಸರ್ಕಾರಿ ವಿಜ್ಞಾನಿಗಳು ಪತ್ರಕರ್ತರ ಜೊತೆ ಮಾತಾಡಬೇಕಾದರೆ ಮೇಲಿನಿಂದ ಅಪ್ಪಣೆ ಬೇಕಿತ್ತು. ಯೂನಿಯನ್ 2013ರಲ್ಲಿ ತನ್ನ ವಿಜ್ಞಾನಿಗಳನ್ನೇ ಕೇಳಿತು. ನಮ್ಮ ಕೆಲಸದ ಬಗ್ಗೆ ಮಾಧ್ಯಮದವರ ಹತ್ತಿರ ಮುಕ್ತವಾಗಿ ಮಾತಾಡಲು ಆಗುತ್ತಿಲ್ಲ ಅಂತ ಶೇ 90ರಷ್ಟು ಜನ ಹೇಳಿದರು. ಆಮೇಲೆ ಸಂಬಳ, ರಜೆಯ ಮಾತುಕತೆಗೆ ಕೂತಾಗ ಯೂನಿಯನ್ ಒಂದು ಹೊಸ ಬೇಡಿಕೆ ಮೇಜಿನ ಮೇಲಿಟ್ಟಿತು. ವಿಜ್ಞಾನಿ ತನ್ನ ವಿಷಯದ ಬಗ್ಗೆ ಮಾತಾಡುವ ಹಕ್ಕು ಒಪ್ಪಂದದಲ್ಲೇ ಇರಬೇಕು ಅಂತ. 2016ರ ಕೊನೆಗೆ ಅದು ಒಪ್ಪಂದದೊಳಗೆ ಬಂತು. ಸಂಬಳದ ಪಟ್ಟಿ ಇರುವ ಕಾಗದದಲ್ಲೇ ಸತ್ಯ ಹೇಳುವ ಹಕ್ಕೂ ಬರೆದಿದೆ! ಯೂನಿಯನ್ ಅಂದರೆ ಬರೀ ದುಡ್ಡಿನ ಜಗಳ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಭಾರತಕ್ಕೂ ಇದು ಹೊಸ ಯೋಚನೆಯಲ್ಲ. ವೈಜ್ಞಾನಿಕ ಕೆಲಸಗಾರರ ಸಂಘ 1947ರಲ್ಲೇ ಶುರುವಾಗಿತ್ತು, ಜವಾಹರಲಾಲ್ ನೆಹರೂ ಅದರ ಅಧ್ಯಕ್ಷರಾಗಿದ್ದರು. ‘ವೈಜ್ಞಾನಿಕ ಕೆಲಸಗಾರ’ ಅನ್ನುವ ಮಾತನ್ನು ಗಮನಿಸಿ. ವಿಜ್ಞಾನ ಮಾಡುವವರೂ ದುಡಿಯುವವರೇ ಅಂತ ಆಗಿನವರಿಗೆ ಅನುಮಾನ ಇರಲಿಲ್ಲ. ಈಗ ಕೇಂದ್ರ ಸರ್ಕಾರದ ಕಾಯಂ ನೌಕರರಿಗೆ 1993ರ ನಿಯಮದ ಪ್ರಕಾರ ಸೇವಾ ಸಂಘಗಳಿವೆ. ಮಾನ್ಯತೆ ಸಿಗಲು ಆ ವರ್ಗದ ನೌಕರರಲ್ಲಿ ಕನಿಷ್ಠ ಶೇ 35 ಜನ ಸದಸ್ಯರಾಗಿರಬೇಕು. ಪಿಎಚ್‌ಡಿ ಮಾಡುವವರಿಗೆ ಇಂಥದ್ದೇನೂ ಇಲ್ಲ. ಆದರೂ ದೇಶದ ಉದ್ದಕ್ಕೂ ಸಂಶೋಧಕರು ಬೀದಿಗಿಳಿದರು. ಜೂನಿಯರ್ ಫೆಲೋಶಿಪ್ 2019ರಲ್ಲಿ ತಿಂಗಳಿಗೆ 25,000 ರೂಪಾಯಿಯಿಂದ 31,000 ಆಯಿತು, 2023ರಲ್ಲಿ 37,000 ಆಯಿತು. ಕೇಳದೆ ಇದ್ದಿದ್ದರೆ ಬರುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಇನ್ನು ನಿಮ್ಮ ವಿಷಯ. ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು, ತಾಳ್ಮೆ ಇರಲಿ.

ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿ ಎಲ್ಲ ನಾಗರಿಕರಿಗೂ ಇದೆ. ಟ್ರೇಡ್ ಯೂನಿಯನ್ ಕಾನೂನು 1926ರದ್ದು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನೋಂದಣಿಗೆ ಕನಿಷ್ಠ ಏಳು ಜನ ಬೇಕು ಅನ್ನುವುದು ಹಾಗೇ ಉಳಿದಿದೆ. ಜೊತೆಗೆ ಆ ಸಂಸ್ಥೆ ಅಥವಾ ಆ ಉದ್ಯಮದ ಕೆಲಸಗಾರರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು, ಸದಸ್ಯರಾಗಿರಬೇಕು. ‘ಅಥವಾ ಆ ಉದ್ಯಮ’ ಅನ್ನುವ ಮಾತು ನಿಮಗೆ ಮುಖ್ಯ. ಒಂದೇ ಟ್ರಸ್ಟಿನವರೇ ಆಗಿರಬೇಕಾಗಿಲ್ಲ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿನ ಕಣ್ಣಲ್ಲಿ ಅನುಚಿತ ನಡವಳಿಕೆ.

ಆದರೆ ಎರಡು ಕಡೆ ಮುಳ್ಳಿದೆ. ಒಂದು, ‘ಉದ್ಯಮ’ ಅಂದರೆ ಏನು? ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 1978ರಲ್ಲಿ ಆ ಪದವನ್ನು ತುಂಬ ಅಗಲ ಮಾಡಿತ್ತು. ಸಂಶೋಧನಾ ಸಂಸ್ಥೆಗಳೂ ಅದರೊಳಗೆ ಬಂದಿದ್ದವು. ಹೊಸ ಸಂಹಿತೆ ಅದನ್ನು ಕಿರಿದು ಮಾಡಿದೆ. ಪೂರ್ತಿಯಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಮಾಜಸೇವೆಯಲ್ಲಿ ತೊಡಗಿದವರು ನಡೆಸುವ ಸಂಸ್ಥೆಗಳನ್ನು ಹೊರಗೆ ಇಟ್ಟಿದೆ. ನಿಮ್ಮ ಟ್ರಸ್ಟಿನವರು ಈ ಬಾಗಿಲಿನಿಂದ ಹೊರಗೆ ಹೋಗಲು ನೋಡಬಹುದು. ಕೊಟ್ಟ ಹಣಕ್ಕೆ ಪ್ರಾಜೆಕ್ಟ್ ಮಾಡಿಕೊಡುವ ಸಂಶೋಧನೆ ಸಮಾಜಸೇವೆ ಹೌದಾ ಅನ್ನುವುದು ವಾದಕ್ಕೆ ಬರುವ ವಿಷಯ. ಟ್ರಸ್ಟಿನ ದಾಖಲೆ, ಹಣದ ಮೂಲ ನೋಡಿಯೇ ವಕೀಲರು ಹೇಳಬೇಕು.

ಎರಡನೆಯದು ‘ಕನ್ಸಲ್ಟೆಂಟ್’ ಅನ್ನುವ ಪದ. ಇದರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ಕನ್ಸಲ್ಟೆಂಟ್ ಅಂದರೆ ತನ್ನದೇ ಕಚೇರಿ ಇಟ್ಟುಕೊಂಡು, ಹತ್ತು ಜನಕ್ಕೆ ಸಲಹೆ ಕೊಡುವವರು. ನೀವು ಬೆಳಿಗ್ಗೆ ಅವರು ಹೇಳಿದ ಹೊತ್ತಿಗೆ ಹೋಗಿ, ಅವರ ಲಾಗರ್ (ಅಳತೆಯನ್ನು ತಾನೇ ದಾಖಲಿಸುವ ಯಂತ್ರ) ಬಿಚ್ಚಿ, ಅವರ ಫಾರ್ಮ್ ತುಂಬಿ, ಅವರ ಜೀಪಿನಲ್ಲಿ ಬರುತ್ತೀರಿ. ರಜೆಗೂ ಕೇಳಬೇಕು. ಆದರೂ ಕಾಗದದಲ್ಲಿ ಕನ್ಸಲ್ಟೆಂಟ್ ಅಂತ ಬರೆದು ಶೇ 10 ಟಿಡಿಎಸ್ ಹಿಡಿದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಕೈ ಮುರಿದರೆ ಜವಾಬ್ದಾರಿಯೂ ಇಲ್ಲ ಅನ್ನುವ ಲೆಕ್ಕ. ಒಂದು ಸಮಾಧಾನ ಏನೆಂದರೆ ಕೋರ್ಟುಗಳು ಕಾಗದದ ಹೆಸರಿಗೇ ಕಟ್ಟುಬೀಳುವುದಿಲ್ಲ. ಟೈಲರ್ ಅಂಗಡಿಯೊಂದರಲ್ಲಿ ಪೀಸಿಗಿಷ್ಟು ಅಂತ ಹೊಲಿಯುತ್ತಿದ್ದವರನ್ನು ಕೂಡ ಸುಪ್ರೀಂ ಕೋರ್ಟ್ 1973ರಲ್ಲಿ ಅಂಗಡಿಯ ನೌಕರರೇ ಅಂತ ಹೇಳಿತ್ತು. ಮೆಷಿನು ಯಾರದ್ದು, ಕೆಲಸ ಹೀಗೇ ಮಾಡು ಅನ್ನುವವರು ಯಾರು ಅನ್ನುವುದನ್ನು ನೋಡಿತ್ತು.

ಹೊಸ ಸಂಹಿತೆಗಳಲ್ಲಿ ನಿಮಗೆ ಅನುಕೂಲವಾಗುವ ಮಾತುಗಳೂ ಇವೆ. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ, ಮೊದಲಿನ ಹಾಗೆ ಐದು ವರ್ಷ ಕಾಯಬೇಕಾಗಿಲ್ಲ. ಈಗ 11 ತಿಂಗಳ ಲೆಕ್ಕ ಯಾಕೆ ಅಂತ ನಿಮಗೆ ಹೊಳೆದಿರಬಹುದು. 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿರಬೇಕು. ಇನ್ನೊಂದು ಕಾನೂನು ಇದಕ್ಕೆಲ್ಲ ಹೊರಗಿನದ್ದು, ಆದರೆ ಫೀಲ್ಡಿನಲ್ಲಿರುವ ಹೆಣ್ಣುಮಕ್ಕಳು ಬಾಯಿಪಾಠ ಮಾಡಿಕೊಳ್ಳಬೇಕಾದದ್ದು. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲಿ ಗುತ್ತಿಗೆಯವರು, ತರಬೇತಿಯವರು, ಸಂಬಳವಿಲ್ಲದೆ ಬಂದವರು ಎಲ್ಲರೂ ನೌಕರರೇ. ಕೆಲಸಕ್ಕಾಗಿ ಹೋದ ಕಾಡು, ತಂಗಿದ ಮನೆ, ಹತ್ತಿದ ಜೀಪು ಎಲ್ಲವೂ ಕೆಲಸದ ಜಾಗವೇ. ಹತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಯಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಮುಷ್ಕರದ ಮಾತು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 14 ದಿನದ ನೋಟಿಸ್ ಇಲ್ಲದೆ ಮಾಡುವಂತಿಲ್ಲ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಕ್ಯಾಶುವಲ್ ರಜೆ ಹಾಕಿದರೂ ಅದನ್ನು ಮುಷ್ಕರ ಅಂತಲೇ ಎಣಿಸುತ್ತಾರೆ. ಮಳೆ ದಾಖಲೆಯಂಥ ಕೆಲಸದಲ್ಲಿ ಮುಷ್ಕರವನ್ನು ನಾನು ಇಷ್ಟಪಡುವುದಿಲ್ಲ. ಜುಲೈಯಲ್ಲಿ ಹತ್ತು ದಿನದ ದಾಖಲೆ ತಪ್ಪಿದರೆ ಆ ವರ್ಷವೇ ಕೈತಪ್ಪಿದ ಹಾಗೆ.

ಈಗ ನನ್ನದೊಂದು ನೆನಪು. ತುಂಬ ವರ್ಷದ ಹಿಂದೆ ಭಾಗಮಂಡಲದ ಮೇಲಿನ ಕಾಡಂಚಿನಲ್ಲಿ ನಾವು ಹೊಳೆ ಅಳೆಯುತ್ತಿದ್ದೆವು. ನಮ್ಮ ಜೊತೆ ಕಾಡಿನ ದಾರಿ ಬಲ್ಲ ಕುರುಬರ ಹಿರಿಯರೊಬ್ಬರಿದ್ದರು. ಮೋಡ ಯಾವ ಗುಡ್ಡದ ಹಿಂದೆ ಕಟ್ಟಿದರೆ ಯಾವ ತೋಡಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಅಂತ ಅವರು ಹೇಳುತ್ತಿದ್ದರು. ನಮ್ಮ ಉಪಕರಣ ಅದನ್ನೇ ಆಮೇಲೆ ಬರೆಯುತ್ತಿತ್ತು. ಒಂದು ಸಂಜೆ ಅವರಿಗೆ ಹಾವು ಕಚ್ಚಿತು. ಜೀವ ಉಳಿಯಿತು, ಕಾಲು ಮೊದಲಿನ ಹಾಗೆ ಆಗಲಿಲ್ಲ. ಖರ್ಚು ಕೇಳಿದರೆ ನಾವು ಕೆಲಸ ಮಾಡುತ್ತಿದ್ದ ಸಂಸ್ಥೆ ಹೇಳಿದ್ದು, ಇಂಥ ಹೆಸರಿನವರು ನಮ್ಮ ಪಟ್ಟಿಯಲ್ಲೇ ಇಲ್ಲ. ನಿಜ, ಇರಲಿಲ್ಲ. ಅವರ ದಿನಗೂಲಿಯನ್ನು ‘ಇತರೆ ಖರ್ಚು’ ಅಂತ ವೋಚರ್ ಬರೆದು ಸಹಿ ಹಾಕಿದ್ದವನು ನಾನೇ. ನಾವು ನಾಲ್ಕು ಜನ ಕೈಯಿಂದ ಹಣ ಹಾಕಿದೆವು. ಆ ಸಹಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆದ್ದರಿಂದ ಸಂಘ ಅಂತ ಮಾಡಿದರೆ ಎಂಎಸ್ಸಿ, ಪಿಎಚ್‌ಡಿ ಆದವರದ್ದೇ ಮಾಡಬೇಡಿ. ನಿಮ್ಮ ಮುಂದೆ ಕತ್ತಿ ಹಿಡಿದು ದಾರಿ ಬಿಡಿಸುವವರು, ಮನೆ ಹತ್ತಿರದ ಮಳೆ ಮಾಪಕ ದಿನಾ ನೋಡಿ ಬರೆಯುವವರು, ಜೀಪ್ ಓಡಿಸುವವರು, ಎಲ್ಲರೂ ಅದರೊಳಗಿರಲಿ. ಅವರಿಲ್ಲದೆ ನಮ್ಮ ವಿಜ್ಞಾನ ಒಂದು ದಿನವೂ ನಡೆಯುವುದಿಲ್ಲ.

ಕೆಲಸ ಹೋಗುತ್ತದಾ ಅಂದಿರಿ. ಸುಳ್ಳು ಹೇಳಲಾರೆ. ತೆಗೆದುಹಾಕಿದರೆ ಕೇಳಬಹುದು. 11 ತಿಂಗಳು ಮುಗಿದ ಮೇಲೆ ಸುಮ್ನೆ ಮುಂದುವರಿಸದೆ ಬಿಟ್ಟರೆ, ಸಂಘದ ಕಾರಣಕ್ಕೇ ಬಿಟ್ಟರು ಅಂತ ಸಾಬೀತು ಮಾಡುವುದು ಕಷ್ಟ. ಅದಕ್ಕೇ ಒಬ್ಬರೇ ಮುಂದೆ ಹೋಗಬೇಡಿ. ಬರೀ ಕೊಡಗಿನವರೇ ಸೇರಿ ಯೂನಿಯನ್ ಮಾಡುವುದೂ ಈಗಲೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಲ್ಲಿ ಇಂಥ ಕೆಲಸದಲ್ಲಿರುವವರು ಕಮ್ಮಿ, ಎಲ್ಲರಿಗೂ ಎಲ್ಲರೂ ಗೊತ್ತು. ಮೈಸೂರು, ಬೆಂಗಳೂರಿನ ಟ್ರಸ್ಟುಗಳಲ್ಲಿ ನಿಮ್ಮಂಥವರು ಬಹಳ ಜನ ಇದ್ದಾರೆ. ಯೂನಿಯನ್ ರಾಜ್ಯ ಮಟ್ಟದ್ದಾಗಲಿ, ಕೊಡಗು ಅದರ ಒಂದು ಘಟಕ ಆಗಲಿ.

ಅಲ್ಲಿಯವರೆಗೆ ಇಲ್ಲಿ ಒಂದು ಸಣ್ಣ ಬಳಗ ಮಾಡಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಸಂಶೋಧನೆ ಮಾಡುವವರಿದ್ದಾರೆ. ಚೆಟ್ಟಳ್ಳಿಯಲ್ಲಿ ಕಾಫಿ ಮತ್ತು ತೋಟಗಾರಿಕೆಯ ಕೇಂದ್ರಗಳಿವೆ. ಅಪ್ಪಂಗಳದಲ್ಲಿ ಏಲಕ್ಕಿಯ ಕೇಂದ್ರ ಇದೆ. ಸರ್ಕಾರಿ ಕೆಲಸದವರಿಗೆ ಅವರದೇ ನಡತೆ ನಿಯಮಗಳಿರುತ್ತವೆ, ಅವರನ್ನು ಯೂನಿಯನ್ ಮಾತಿಗೆ ಎಳೆಯಬೇಡಿ. ಬಳಗಕ್ಕೆ ಬರಲು ತೊಂದರೆ ಇರುವುದಿಲ್ಲ. ಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿ, ಅದಕ್ಕೂ ಏಳೇ ಜನ ಸಾಕು. ಅದು ಯೂನಿಯನ್ ಆಗುವುದಿಲ್ಲ, ಆದರೆ ಒಂದು ಹೆಸರು, ಒಂದು ಲೆಟರ್‌ಹೆಡ್ ಸಿಗುತ್ತದೆ. ತೋಟದ ಮನೆಗಳಲ್ಲಿ ತಲೆಮಾರಿನಿಂದ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಮಳೆ ಬರೆದಿಡುವ ಹಿರಿಯರನ್ನೂ ಕರೆಯಿರಿ. ಅವರ ಮಾತಿಗೆ ಟ್ರಸ್ಟಿನವರೂ ಕಿವಿ ಕೊಡುತ್ತಾರೆ. ಅವರ ಗೇಟು ತೆರೆಯದೆ ಯಾವ ಪ್ರಾಜೆಕ್ಟೂ ತೋಟದೊಳಗೆ ಹೋಗುವಂತಿಲ್ಲವಲ್ಲ.

ಮೊದಲ ಬೇಡಿಕೆ ಸಂಬಳದ್ದಾಗಬೇಕಿಲ್ಲ. ಫೀಲ್ಡಿಗೆ ಹೋಗುವ ಪ್ರತಿಯೊಬ್ಬರಿಗೂ ಅಪಘಾತ ವಿಮೆ ಕೇಳಿ. ಗುಂಪಾಗಿ ಮಾಡಿಸಿದರೆ ಅದು ಪ್ರಾಜೆಕ್ಟಿನ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು. ಮಳೆಗಾಲದಲ್ಲಿ ಒಬ್ಬರೇ ಹೊಳೆಗೆ ಇಳಿಯುವಂತಿಲ್ಲ ಅನ್ನುವ ನಿಯಮ ಕೇಳಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಫೀಲ್ಡ್ ಇಲ್ಲ ಅಂತ ಬರೆಸಿಕೊಳ್ಳಿ. ಇಲಾಖೆಯ ಲೆಕ್ಕದಲ್ಲಿ ಅತಿ ಭಾರಿ ಮಳೆಯನ್ನೂ ಮೀರಿದ ಕೊನೆಯ ಹಂತ ಶುರುವಾಗುವುದು ದಿನಕ್ಕೆ 204.5 ಮಿಲಿಮೀಟರ್‌ಗೆ, ಅಂದರೆ ನಮ್ಮ ಲೆಕ್ಕದ ಎಂಟು ಇಂಚಿಗೆ. ಅಂಥ ಮಳೆಯಲ್ಲಿ ಬರೆ ಕೆಳಗೆ ನಿಂತು ಅಳೆದ ಸಂಖ್ಯೆಗಾಗಿ ಯಾರೂ ಪ್ರಾಣ ಕೊಡಬೇಕಾಗಿಲ್ಲ, ಲಾಗರ್ ಅದನ್ನು ಬರೆದುಕೊಳ್ಳುತ್ತದೆ. ಮತ್ತೆ ಪ್ರಬಂಧದಲ್ಲಿ ಹೆಸರು. ಡೇಟಾ ತಂದವರ ಹೆಸರು ಎಲ್ಲಿ, ಹೇಗೆ ಬರುತ್ತದೆ ಅಂತ ಪ್ರಾಜೆಕ್ಟ್ ಶುರುವಾಗುವಾಗಲೇ ಬರೆದಿಡಲಿ. ಇಷ್ಟಕ್ಕೆ ಸಿಟ್ಟಾಗುವ ಪಿಐ (ಪ್ರಾಜೆಕ್ಟಿನ ಮುಖ್ಯ ಸಂಶೋಧಕರು) ಕಮ್ಮಿ. ನನಗೆ ಗೊತ್ತಿರುವ ಹಲವರು ತಾವೇ ಇದನ್ನು ಮಾಡಬೇಕು ಅಂತ ಅಂದುಕೊಂಡವರು, ಯಾರೂ ಕೇಳದ್ದರಿಂದ ಹಾಗೇ ಉಳಿದಿದೆ.

ಕೊನೆಗೆ ನಿಮ್ಮ ಕೈ. ಇದಕ್ಕೆ ಸಂಘ ಆಗುವವರೆಗೆ ಕಾಯಬೇಡಿ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೇಳಲು ಎರಡು ವರ್ಷ ಸಮಯ ಇರುತ್ತದೆ, ನಿಮ್ಮದು ಇನ್ನೂ ಮುಗಿದಿಲ್ಲ. ‘ಕನ್ಸಲ್ಟೆಂಟ್’ ಅನ್ನುವ ತಕರಾರು ಬಂದೇ ಬರುತ್ತದೆ, ಅದಕ್ಕೆ ತಯಾರಾಗಿ ಹೋಗಿ. ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಾಲ್ಕು ಕಾಂಟ್ರಾಕ್ಟುಗಳ ಪ್ರತಿ, ಬ್ಯಾಂಕ್ ಪಾಸ್‌ಬುಕ್, ಎಕ್ಸ್‌ರೇ, ಬಿಲ್ಲು, ಆ ದಿನ ಇಂಥ ಜಾಗಕ್ಕೆ ಹೋಗಿ ಅಂತ ಬಂದ ಮೆಸೇಜು ಎಲ್ಲ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು ಟ್ರಸ್ಟಿಗೆ ಒಂದು ಪುಟದ ಕಾಗದ ಬರೆಯಿರಿ. ದಿನಾಂಕ, ಹೊತ್ತು, ಜಾಗ, ಯಾವ ಮಾಪಕ, ಜೊತೆಗೆ ಯಾರಿದ್ದರು, ಎಷ್ಟು ಖರ್ಚಾಯಿತು. ದೂರಿನ ಮಾತು ಬೇಡ, ನಡೆದದ್ದು ಮಾತ್ರ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಆ ದಿನದ ಫೀಲ್ಡ್ ಪುಸ್ತಕ ಇನ್ನೂ ನಿಮ್ಮ ಹತ್ತಿರ ಇದ್ದರೆ ಆ ಪುಟದ ಫೋಟೋ ತೆಗೆದಿಡಿ. ಬೀಳುವ ಮೊದಲು ನೀವು ಬರೆದ ಮಳೆ ಲೆಕ್ಕ, ಹೊತ್ತು, ನಿಮ್ಮ ಕೈಬರಹ ಎಲ್ಲ ಅದರಲ್ಲಿರುತ್ತದೆ. ಆ ಹೊತ್ತಿನಲ್ಲಿ ನೀವು ಅವರ ಕೆಲಸದಲ್ಲೇ ಇದ್ದಿರಿ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.